ಬೀದರ್ ನೋಡಲು ಬಸ್ಸೋ, ಆಟೋನೋ, ಗಾಡಿಯೋ?

ಬೀದರ್ ಹೊರಗಿನ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರ ಸಮಾಧಿ ಗುಮ್ಮಟಗಳ ಎದುರು, ಒಂದು ಬೇವಿನ ಮರದ ಕೆಳಗೆ, ಅವ್ವ ಮತ್ತು ನಾನು ಒಂದು ತಾಸಿಗಿಂತ ಜಾಸ್ತಿ ಕೂತಿದ್ದೆವು. ಊರ ಕಡೆ ಹೋಗುವ ಬಸ್ಸೂ ಬರಲಿಲ್ಲ, ಆಟೋವೂ ಬರಲಿಲ್ಲ. ಕಬ್ಬು ಹೇರಿಕೊಂಡ ಒಂದು ಟ್ರ್ಯಾಕ್ಟರ್ ಮಾತ್ರ ಹೋಯಿತು. ಅವ್ವ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ ಮುರಿಯುತ್ತಾ ಕೇಳಿದಳು: "ನಿನ್ನ ಆ ಹತ್ತಿ ಇಳಿಯೋ ಬಸ್ ಎಲ್ಲಿ ಅದ?"

ತಪ್ಪು ನನ್ನದೇ. ಹಿಂದೊಮ್ಮೆ ದೆಹಲಿಯಲ್ಲಿ ನಾನು 'ಹೋಹೋ' ಬಸ್ ಹತ್ತಿದ್ದೆ. ಹಾಪ್ ಆನ್, ಹಾಪ್ ಆಫ್ ಅಂತಾರಲ್ಲ, ಅದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಅಲ್ಲಿ ಶುರುವಾಗಿತ್ತು. ಒಂದೇ ಟಿಕೆಟ್ ತೆಗೆದುಕೊಂಡರೆ ಆಯಿತು. ಬಸ್ ಊರೆಲ್ಲ ಸುತ್ತುತ್ತಿತ್ತು. ಬೇಕಾದಲ್ಲಿ ಇಳಿಯುವುದು, ನೋಡುವುದು, ಹಿಂದೆ ಬರುವ ಇನ್ನೊಂದು ಬಸ್ಸಿಗೆ ಅದೇ ಟಿಕೆಟ್ ತೋರಿಸಿ ಹತ್ತುವುದು. ಬೆಂಗಳೂರು ದರ್ಶಿನಿ ಹಾಗಲ್ಲ. ಅದರಲ್ಲಿ ಎಲ್ಲರೂ ಒಟ್ಟಿಗೆ ಇಳಿದು ಒಟ್ಟಿಗೆ ಹತ್ತಬೇಕು. ಒಬ್ಬರು ತಡ ಮಾಡಿದರೂ ಬಸ್ಸಿನ ತುಂಬ ಗೊಣಗಾಟ. ದೆಹಲಿಯಲ್ಲಿ ಹುಮಾಯೂನನ ಸಮಾಧಿಯ ಹತ್ತಿರ ಇಳಿದು, ಯಾರ ಹಂಗೂ ಇಲ್ಲದೆ ಎರಡು ತಾಸು ಹುಲ್ಲಿನ ಮೇಲೆ ಕೂತಿದ್ದೆ. ಆ ರುಚಿ ಬಿಟ್ಟಿರಲಿಲ್ಲ.

ಬೀದರ್‌ಗೆ ನಾವು ಕಲಬುರಗಿಯವರು ಹೋಗಿ ಬರುವುದು ಸುಲಭ. 2017ರಲ್ಲಿ ರೈಲು ಹಳಿ ಜೋಡಿಸಿದ ಮೇಲಂತೂ ಇನ್ನೂ ಸುಲಭ. ಸೋದರಮಾವನ ಮನೆಯೂ ಅಲ್ಲೇ. ಹೋದ ವರ್ಷ ಮೂರು ಸಲ ಹೋದೆ. ಮೂರು ಸಲವೂ ನೋಡಿದ್ದು ಹೆಚ್ಚುಕಡಿಮೆ ಅವೇ ಜಾಗಗಳು, ಓಡಾಡಿದ ರೀತಿ ಮಾತ್ರ ಬೇರೆ. ಒಮ್ಮೆ ಅವ್ವನ ಜೊತೆ ಸಿಟಿ ಬಸ್ಸು, ಶೇರ್ ಆಟೋ. ಒಮ್ಮೆ ನಾದಿನಿ ಮತ್ತವಳ ಮಕ್ಕಳ ಜೊತೆ ದಿನವಿಡೀ ಒಂದೇ ಆಟೋ. ಒಮ್ಮೆ ಮಾವನ ಮಗಳನ್ನು ಹಿಂದೆ ಕೂರಿಸಿಕೊಂಡು ಅವರ ಮನೆಯ ಸ್ಕೂಟಿ.

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಬಸ್ಸಿಗೆ ನಮ್ಮಿಬ್ಬರಿಗೂ ಸೊನ್ನೆ. ಶಕ್ತಿ ಯೋಜನೆ ಬಂದಾಗಿನಿಂದ, ಅಂದರೆ 2023ರ ಜೂನ್‌ನಿಂದ, ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಶೂನ್ಯ ಟಿಕೆಟ್. ಶೇರ್ ಆಟೋಗಳಿಗೆ ಎಲ್ಲಾ ಸೇರಿ ನೂರಿಪ್ಪತ್ತು. ಅಷ್ಟೂರಿನಿಂದ ವಾಪಸ್ ಬರಲು ಕೊನೆಗೆ ಸಿಕ್ಕ ಆಟೋಗೆ ಇನ್ನೂರು, ಅದು ನಮ್ಮ ಗ್ರಹಚಾರದ ರೇಟು. ದಿನದ ಆಟೋಗೆ ಸಾವಿರದ ಇನ್ನೂರು ಕೇಳಿ ಸಾವಿರಕ್ಕೆ ಒಪ್ಪಿದರು. ಸ್ಕೂಟಿಗೆ ನೂರೈವತ್ತರ ಪೆಟ್ರೋಲು, ಮೇಲೆ ಮಾವನ ಮನೆಗೆ ಒಯ್ದ ಒಂದು ಕಿಲೋ ಖೋವಾ. ಆದರೆ ಮೂರನ್ನೂ ಮಾಡಿ ನೋಡಿದ ಮೇಲೆ, ದುಡ್ಡಿಗಿಂತ ಬೇರೆ ಒಂದು ಪ್ರಶ್ನೆಯೇ ದೊಡ್ಡದು ಅನಿಸಿತು. ಒಂದು ಜಾಗಕ್ಕೆ ಹೋದ ಮೇಲೆ "ಇನ್ನು ಸಾಕು, ಹೋಗೋಣ" ಅಂತ ಹೇಳುವವರು ಯಾರು? ನಾವಾ, ಆಟೋದವರಾ, ಇಲ್ಲ ಬಸ್ಸಿನ ಟೈಮಾ?

ಹಳೇ ಊರಿನ ಒಳಗೆ ಬಸ್ಸು ಮತ್ತು ಕಾಲ್ನಡಿಗೆಯೇ ಗೆದ್ದವು. ಇದರಲ್ಲಿ ನನಗೆ ಅನುಮಾನ ಇಲ್ಲ. ಚೌಬಾರಾ ಹತ್ತಿರ ಇಳಿದರೆ ಸಾಕು, ಮುಂದಿನದೆಲ್ಲ ಒಂದೇ ನೇರ ದಾರಿ. ಚೌಬಾರಾ ಅಂದರೆ ನಾಲ್ಕು ದಾರಿ ಕೂಡುವಲ್ಲಿ ನಿಂತಿರುವ ಗುಂಡನೆಯ ಕಾವಲು ಗೋಪುರ, 71 ಅಡಿ ಎತ್ತರ. ಅಲ್ಲಿಂದ ಕೋಟೆ ಕಡೆ ನಡೆದರೆ ತಖ್ತ್-ಎ-ಕಿರ್ಮಾನಿಯ ಕಮಾನು, ಆಮೇಲೆ ಮಹಮೂದ್ ಗವಾನರ ಮದರಸಾ, ಆಮೇಲೆ ಕೋಟೆ. ನಡುವೆ ಬಿದ್ರಿ ಅಂಗಡಿಗಳು. ಅವ್ವ ಒಂದು ಅಂಗಡಿಯ ಹೊಸ್ತಿಲ ಮೇಲೆ ಕೂತು ಮುಕ್ಕಾಲು ತಾಸು ಕೆಲಸ ನೋಡಿದಳು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಕೊನೆಗೆ ಕೋಟೆಯ ಮಣ್ಣು ಕದಡಿದ ನೀರಲ್ಲಿ ಕುದಿಸಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾವ ಮಣ್ಣು ಆಗುತ್ತದೆ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರಂತೆ. ಅವ್ವನಿಗೆ ಅದು ಭಾಳ ಇಷ್ಟವಾಯಿತು. "ಸಾರಿನ ಉಪ್ಪು ನೋಡಿದಂಗ" ಅಂದಳು. ಏನೂ ಕೊಳ್ಳಲಿಲ್ಲ. ಅವರೂ ಬೇಜಾರು ಮಾಡಿಕೊಳ್ಳಲಿಲ್ಲ, ಚಹಾ ತರಿಸಿಕೊಟ್ಟರು.

ದಿನದ ಆಟೋದಲ್ಲಿ ಹೋದಾಗ ಇದೇ ಬೀದಿ ಹೇಗಾಯಿತು ಕೇಳಿ. ಚೌಬಾರಾವನ್ನು ಆಟೋದಿಂದ ಇಳಿಯದೇ ನೋಡಿದೆವು. ಕಿರ್ಮಾನಿ ಕಮಾನು ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ. ಬಿದ್ರಿ ನೋಡಬೇಕು ಅಂದರೆ ಡ್ರೈವರ್ ಅಣ್ಣ ತಮಗೆ ಗೊತ್ತಿದ್ದ ಒಂದು ಅಂಗಡಿಗೆ ಕರೆದೊಯ್ದರು. ಅಲ್ಲಿ ಕೆಲಸ ಮಾಡುವವರೇ ಇಲ್ಲ. ಕಪಾಟು, ಟ್ಯೂಬ್‌ಲೈಟು, ರೇಟಿನ ಚೀಟಿ ಮಾತ್ರ. ನಾದಿನಿ ಮುಜುಗರಕ್ಕೆ ಒಂದು ಜೊತೆ ಕಿವಿಯೋಲೆ ಕೊಂಡಳು. ಡ್ರೈವರ್ ಕೆಟ್ಟವರಲ್ಲ, ಮಕ್ಕಳಿಗೆ ಪೇರಲ ಕೊಡಿಸಿದರು. ಆದರೆ ಯಾರಾದರೂ ಹೊರಗೆ ಕಾಯುತ್ತಿದ್ದಾರೆ ಅಂದರೆ ಕಾಲಿಗೆ ತಾನಾಗೇ ಅವಸರ ಬರುತ್ತದೆ, ಅಲ್ವಾ? ಮದರಸಾದ ಅಂಗಳದಲ್ಲಿ ಇದ್ದದ್ದು ಇಪ್ಪತ್ತು ನಿಮಿಷ.

ಇಪ್ಪತ್ತು ನಿಮಿಷಕ್ಕೆ ಮುಗಿಯುವ ಜಾಗ ಅಲ್ಲ ಅದು. 1472ರಲ್ಲಿ ಕಟ್ಟಿದ್ದು, ಮೂರು ಅಂತಸ್ತು. ಪರ್ಷಿಯಾದ ಗೀಲಾನ್‌ನಿಂದ ಬಂದ ಗವಾನರು ಬಹಮನಿಗಳ ಮಂತ್ರಿಯಾಗಿ ತಮ್ಮ ನಾಡಿನಲ್ಲಿ ನೋಡಿದಂಥದ್ದನ್ನೇ ಇಲ್ಲಿ ಎಬ್ಬಿಸಿದರು. ಎದುರಿನ ಗೋಡೆಗೆ ಪೂರ್ತಿ ನೀಲಿ, ಹಳದಿ, ಬಿಳಿ ಬಿಲ್ಲೆ. ಈಗ ಒಂದು ಮಿನಾರು, ಅದರ ಅಕ್ಕಪಕ್ಕ ಒಂದಿಷ್ಟು ಬಿಲ್ಲೆ ಉಳಿದಿದೆ. ಔರಂಗಜೇಬನ ಕಾಲದಲ್ಲಿ ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು. ಅದು ಸಿಡಿದು ಮುಂಭಾಗದ ಅರ್ಧ ಹೋಯಿತು. ಗವಾನರ ಕತೆ ಇನ್ನೂ ಕೆಟ್ಟದ್ದು. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನ 1481ರಲ್ಲಿ ಅವರ ತಲೆ ತೆಗೆಸಿದ. ಅವ್ವನ ಜೊತೆ ಹೋದಾಗ ಇದನ್ನೆಲ್ಲ ಹೇಳುತ್ತಾ ಒಡೆದ ಗೋಡೆಯ ನೆರಳು ಸರಿದ ಹಾಗೆ ನಾವೂ ಸರಿಯುತ್ತಾ ಕೂತಿದ್ದೆವು. ಆವತ್ತು ನಾವೇ ಯಜಮಾನರು.

ಕೋಟೆಯೊಳಗೆ ಲೆಕ್ಕ ತಿರುಗಾಮುರುಗಾ. ಬೀದರ್ ಕೋಟೆ ನಡೆದು ಮುಗಿಸುವಂಥದ್ದಲ್ಲ. ಬಾಗಿಲು ದಾಟಿದ ಕೂಡಲೇ ಇರುವ ರಂಗೀನ್ ಮಹಲ್, ಸೋಲಾ ಖಂಬ್ ಮಸೀದಿ, ಹಮಾಮಿನಲ್ಲಿ, ಅಂದರೆ ಹಳೇ ಸ್ನಾನದ ಮನೆಯಲ್ಲಿ ಮಾಡಿರುವ ಮ್ಯೂಸಿಯಂ, ಇಷ್ಟು ನೋಡುವಷ್ಟರಲ್ಲಿ ಅವ್ವನ ಮಂಡಿ ಕೈಕೊಟ್ಟಿತು. ರಂಗೀನ್ ಮಹಲಿಗೆ ಬೀಗ ಇತ್ತು. ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡ ಮೇಲೆ ಕೀಲಿ ಬಂತು. ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಹೂಬಳ್ಳಿ ನೋಡಬೇಕೆಂದರೆ ಕೇಳಲೇಬೇಕು, ಸಂಕೋಚ ಬೇಡ. ಸೋಲಾ ಖಂಬ್ ಹೆಸರಿಗೆ ಹದಿನಾರು ಕಂಬ. ಒಳಗೆ ಹೊಕ್ಕರೆ ದಪ್ಪ ಗುಂಡು ಕಂಬಗಳ ಸಾಲೇ ಸಾಲು, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು. ತಖ್ತ್ ಮಹಲಿಗೆ ಅವ್ವ ಬರಲೇ ಇಲ್ಲ.

ಸ್ಕೂಟಿಯಲ್ಲಿ ಹೋದಾಗ ಗೊತ್ತಾಯಿತು, ಅದಕ್ಕೂ ಆಚೆ ಒಂದು ಕೋಟೆ ಇದೆ ಅಂತ. ಒಳಗೆ ರಸ್ತೆ ಇದೆ, ಗಾಡಿ ಹೋಗುತ್ತದೆ. ಹೊಲ, ಮನೆ, ಎಮ್ಮೆ ಎಲ್ಲಾ ದಾಟಿಕೊಂಡು ಬುರುಜಿನವರೆಗೆ ಹೋದೆವು. ಮೇಲೆ ಬಿದ್ದಿರುವ ತೋಪಿನ ಉದ್ದ ನೋಡಿ ಮಾವನ ಮಗಳು ಅದರ ಪಕ್ಕ ಮಲಗಿ ಅಳತೆ ಹಾಕಿದಳು. ಇವಳಿಗಿಂತ ಎಷ್ಟೋ ಉದ್ದ. ಅಲ್ಲಿಂದ ಕೆಳಗೆ ಬಗ್ಗಿ ನೋಡಿದರೆ ಪ್ರಸ್ಥಭೂಮಿ ಕತ್ತರಿಸಿದ ಹಾಗೆ ಮುಗಿದು ದೂರದವರೆಗೆ ಹೊಲಗಳು. ಈ ಜಾಗವನ್ನೇ ರಾಜಧಾನಿಗೆ ಯಾಕೆ ಆರಿಸಿದರು ಅಂತ ಯಾರೂ ವಿವರಿಸಬೇಕಾಗಿಲ್ಲ. ಕಂದಕವೂ ಸುಮ್ನೆ ಮಣ್ಣು ಅಗೆದದ್ದಲ್ಲ. ಕೆಂಪು ಜಂಬಿಟ್ಟಿಗೆ ಬಂಡೆಯನ್ನು ಕಡಿದು ಒಂದರ ಪಕ್ಕ ಒಂದರಂತೆ ಮೂರು ಸಾಲು ಮಾಡಿದ್ದಾರೆ. ನಮ್ಮ ಕಲಬುರಗಿ ಬಿಟ್ಟು ಬಹಮನಿ ಸುಲ್ತಾನ ಅಹಮದ್ ಶಾ ಇಲ್ಲಿಗೆ ಬಂದ ಅಂತ ಶಾಲೆಯಲ್ಲಿ ಓದಿದಾಗ ನನಗೆ ಸಿಟ್ಟು ಬಂದಿತ್ತು. ಆ ಬುರುಜಿನ ಮೇಲೆ ನಿಂತಾಗ ಮಾಫ್ ಮಾಡಿದೆ.

ಆಟೋದವರೂ ಕೋಟೆಯೊಳಗೆ ಬಂದಿದ್ದರು, ಆದರೆ ಮ್ಯೂಸಿಯಂ ಮುಂದೆ ನಿಂತು "ಅಕ್ಕಾ, ಮುಂದ ಏನೂ ಇಲ್ಲರಿ" ಅಂದರು.

ಗುರುದ್ವಾರದಲ್ಲಿ ಮಾತ್ರ ಮೂರಕ್ಕೂ ವ್ಯತ್ಯಾಸ ಇಲ್ಲ. ನಾನಕ್ ಝೀರಾ ಸಾಹೇಬ್‌ಗೆ ಹೇಗೆ ಹೋದರೂ ಅದೇ ತಣ್ಣನೆಯ ಝರಿ ನೀರು, ಅದೇ ಲಂಗರು. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ಕೂತರೆ ರೋಟಿ, ದಾಲ್ ಬರುತ್ತದೆ. ಆಟೋದ ದಿನ ಡ್ರೈವರ್ ಅಣ್ಣ ನಮ್ಮ ಪಕ್ಕದಲ್ಲೇ ಊಟಕ್ಕೆ ಕೂತರು. ಇಡೀ ದಿನದಲ್ಲಿ ಅವರು ಗಡಿಯಾರ ನೋಡದ ಅರ್ಧ ತಾಸು ಅದೊಂದೇ.

ನರಸಿಂಹ ಝರಣಿ ಬೇರೆಯದೇ ಪರೀಕ್ಷೆ, ಒದ್ದೆ ಬಟ್ಟೆಯ ಪರೀಕ್ಷೆ. ಗುಹೆಯೊಳಗೆ ಸುಮಾರು 300 ಮೀಟರ್ ನೀರಲ್ಲೇ ನಡೆಯಬೇಕು. ಕೆಲವು ಕಡೆ ಎದೆವರೆಗೆ ನೀರು, ತಲೆ ಮೇಲೆ ಬಾವಲಿ. ಕೊನೆಯಲ್ಲಿ ಗೋಡೆಯ ಮೇಲೆ ನರಸಿಂಹ. ದರ್ಶನ ಮಾಡಿ ಹೊರಬಂದ ಮೇಲೆ ಏನು? ಅವ್ವ ಸೀರೆ ಬದಲಿಸಿದರೂ ಗಂಟು ಕಟ್ಟಿದ ಒದ್ದೆ ಬಟ್ಟೆ ಬಸ್ಸಿನ ಸೀಟಿನ ಮೇಲೆಲ್ಲ ಸೋರಿತು. ಪಕ್ಕದಲ್ಲಿದ್ದವರು ಎದ್ದು ಮುಂದೆ ಹೋದರು. ಆಟೋದವರು ಮಕ್ಕಳನ್ನು ಹತ್ತಿಸಿಕೊಳ್ಳುವ ಮುಂಚೆ ಸೀಟಿಗೆ ಪ್ಲಾಸ್ಟಿಕ್ ಹಾಸಿದರು. ಅನುಭವಸ್ಥರು. ಸ್ಕೂಟಿಯಲ್ಲಿ ಬಟ್ಟೆ ಬದಲಿಸಲೇ ಇಲ್ಲ. ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮೈಮೇಲೇ ಒಣಗಿತು. ಸಣ್ಣ ಮಕ್ಕಳಿದ್ದರೆ ಆಟೋ, ದೊಡ್ಡವರಾದರೆ ಸ್ಕೂಟಿ ಅನ್ನುವ ಹಾಗೂ ಇಲ್ಲ. ಅವ್ವನನ್ನು ಒದ್ದೆ ಸೀರೆಯಲ್ಲಿ ಸ್ಕೂಟಿ ಹಿಂದೆ ಕೂರಿಸುವ ಧೈರ್ಯ ನನಗಿಲ್ಲ.

ಇನ್ನು ಅಷ್ಟೂರು. ಊರಿನಿಂದ ಮೂರು ನಾಲ್ಕು ಕಿಲೋಮೀಟರ್ ಇರಬಹುದು, ದಾರಿಯಲ್ಲಿ ಚೌಖಂಡಿ ಎಂಬ ಎಂಟು ಮೂಲೆಯ ಸಮಾಧಿ. ಹೋಗುವಾಗ ಬಸ್ ಸಿಕ್ಕಿತು, ಬರುವಾಗ ಕೈಕೊಟ್ಟಿತು. ಹೋಹೋ ಬಸ್ಸಿನ ಗುಟ್ಟು ಆವತ್ತು ಆ ಬೇವಿನ ಮರದ ಕೆಳಗೆ ನನಗೆ ತಿಳಿಯಿತು. ಇಳಿಯುವ ಸ್ವಾತಂತ್ರ್ಯ ಯಾರು ಬೇಕಾದರೂ ಕೊಡುತ್ತಾರೆ. ಹಿಂದೆ ಇನ್ನೊಂದು ಬಸ್ ಬರುತ್ತದೆ ಎಂಬ ಖಾತ್ರಿಗೇ ಅಲ್ಲಿ ದುಡ್ಡು. ನಮ್ಮಲ್ಲಿ ಬಸ್ಸಿದೆ, ಖಾತ್ರಿ ಇಲ್ಲ.

ಹಾಗಂತ ಆ ಮಧ್ಯಾಹ್ನ ದಂಡವಾಯಿತು ಅಂತ ಹೇಳಲಾರೆ. ಬಸ್ ಬರಲಿಲ್ಲ ಅಂತ ಅಹಮದ್ ಶಾ ವಲಿಯ ಗುಮ್ಮಟದೊಳಗೆ ಎರಡನೇ ಸಲ ಹೋದೆವು. ಮೊದಲ ಸಲ ಕತ್ತಲೆ ಬಿಟ್ಟು ಏನೂ ಕಂಡಿರಲಿಲ್ಲ. ಈ ಸಲ ಅಲ್ಲಿದ್ದ ಅಜ್ಜ ಬಾಗಿಲಲ್ಲಿ ಒಂದು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಆ ಬೆಳಕಿನ ತುಂಡು ಗೋಡೆ ಹತ್ತಿ ಗುಮ್ಮಟದ ಒಳಮೈಗೆ ಹೋದಾಗ ಬಂಗಾರ, ಕುಂಕುಮದ ಬಣ್ಣ, ಬಳ್ಳಿ, ಅಕ್ಷರ, ಎಲ್ಲಾ ಒಂದೊಂದಾಗಿ ಕಾಣಿಸಿಕೊಂಡವು. ಅವ್ವ ಕೈ ಮುಗಿದಳು. ಇಲ್ಲಿನ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುತ್ತಾರೆ. ಈ ಸುಲ್ತಾನನನ್ನು ಅಲ್ಲಮಪ್ರಭು ಅಂತ ಕರೆಯುವ ಭಕ್ತರೂ ಇದ್ದಾರೆ. ಹಾಗಾಗಿ ಆ ಕೈಮುಗಿತ ನನಗೆ ಹೊಸದೇನೂ ಅನಿಸಲಿಲ್ಲ.

ದೆಹಲಿಯ ಹಾಗೆ ಇಲ್ಲೂ ಒಬ್ಬ ಹುಮಾಯೂನ್ ಇದ್ದಾನೆ, ಬಹಮನಿಯವನು. ಆಳಿದ್ದು 1458ರಿಂದ 1461, ಮೂರೇ ವರ್ಷ. ಅಷ್ಟರಲ್ಲೇ 'ಜಾಲಿಮ್', ಅಂದರೆ ಕ್ರೂರಿ, ಅನ್ನುವ ಹೆಸರು ಗಳಿಸಿದ. ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಬಿದ್ದುಹೋಗಿದೆ. ಒಡೆದ ಕಡೆಯಿಂದ ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗಿದೆ ಎಲ್ಲಾ ಕಾಣುತ್ತದೆ, ಕೊಯ್ದಿಟ್ಟ ಈರುಳ್ಳಿ ನೋಡಿದ ಹಾಗೆ. ಆಟೋದಲ್ಲಿ ಬಂದಾಗ ಅಷ್ಟೂರಿಗೆ ಸಿಕ್ಕಿದ್ದು ಮೂವತ್ತೈದು ನಿಮಿಷ. ಕನ್ನಡಿಯ ಅಜ್ಜ ಊಟಕ್ಕೆ ಹೋಗಿದ್ದರು. "ಕಾಯೋಣವಾ?" ಅಂದೆ. ಡ್ರೈವರ್ ಅಣ್ಣ "ಟೈಮ್ ಭಾಳ ಆಯ್ತರಿ ಅಕ್ಕಾ, ಇನ್ನಾ ಬರೀದ್ ಶಾಹಿ ಅದ" ಅಂದರು. ಹೊರಟೆವು.

ಬರೀದ್ ಶಾಹಿ, ಅಂದರೆ ಬಹಮನಿಗಳ ಆಮೇಲೆ ಬೀದರ್ ಆಳಿದವರ ಸಮಾಧಿಗಳಿಗೆ ವಾಹನದ ಚರ್ಚೆಯೇ ಬೇಡ. ಬಸ್ ಸ್ಟ್ಯಾಂಡಿನ ಕಡೆಯೇ ಇವೆ, ನಡೆದುಹೋಗಿ. ಅಲಿ ಬರೀದನ ಸಮಾಧಿಗೆ ನಾಲ್ಕೂ ಕಡೆ ಬಾಗಿಲಿಲ್ಲದ ಕಮಾನು, ಗಾಳಿ ಆಡುತ್ತದೆ. ಸಂಜೆ ಊರಿಗೆ ಹೊರಡುವ ಮುಂಚೆ ಕಾಲು ಚಾಚಿ ಕೂರಲು ಇದಕ್ಕಿಂತ ಒಳ್ಳೆ ಜಾಗ ಬೇಡ.

ಸ್ಕೂಟಿಯ ಒಂದು ದೂರು ಹೇಳದಿದ್ದರೆ ಮೋಸವಾಗುತ್ತದೆ. ಓಡಿಸುವವರು ನೋಡುವುದಿಲ್ಲ. ಹಳೇ ಊರಿನ ಸಂದಿಯಲ್ಲಿ ತಳ್ಳುಗಾಡಿ, ಕೋಳಿ, ಎದುರಿನಿಂದ ಬರುವ ಬೈಕು ನೋಡುವುದರಲ್ಲೇ ನನ್ನ ದಿನ ಹೋಯಿತು. ಹಿಂದೆ ಕೂತವಳು ಮನೆಗೆ ಹೋಗಿ ವರ್ಣಿಸಿದ ಅರ್ಧದಷ್ಟು ಬಾಗಿಲು, ಕಿಟಕಿ ನಾನು ಕಂಡೇ ಇಲ್ಲ. ಮಾರ್ಚ್ ಕಳೆದ ಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಸ್ಕೂಟಿ ಸೀಟು ಹೆಂಚಾಗುತ್ತದೆ, ಅದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಈಗ ಯಾರಾದರೂ ನೆಂಟರು ಬಂದರೆ ನಾನು ಕಲಬೆರಕೆ ಮಾಡುತ್ತೇನೆ. ಬೆಳಗ್ಗೆ ಚೌಬಾರಾದವರೆಗೆ ಬಸ್ಸು ಇಲ್ಲವೇ ಶೇರ್ ಆಟೋ, ಅಲ್ಲಿಂದ ಕೋಟೆವರೆಗೆ ನಡಿಗೆ. ಕೋಟೆ ಮುಂದೆ ಒಂದು ಆಟೋ ಹಿಡಿದು ಅಷ್ಟೂರಿಗೆ ಮಾತ್ರ ಹೋಗಿಬರಲು ರೇಟು ಮಾತಾಡುತ್ತೇನೆ. "ಎರಡು ತಾಸು ಕಾಯಬೇಕು" ಅಂತ ಮೊದಲೇ ಹೇಳಿ, ಅದಕ್ಕೆ ನೂರು ಜಾಸ್ತಿ ಕೊಡುತ್ತೇನೆ. ಆ ನೂರು ಕನ್ನಡಿಯ ಅಜ್ಜ ಊಟ ಮುಗಿಸಿ ಬರುವುದಕ್ಕೆ. ಮೊನ್ನೆ ಚಿಗವ್ವನನ್ನು ಹೀಗೇ ಕರೆದುಕೊಂಡು ಹೋದೆ. ಆಟೋದವರು ಬೇವಿನ ಮರದ ಕೆಳಗೆ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದರು. ಎಬ್ಬಿಸಿದರೆ, "ಇಷ್ಟ್ ಜಲ್ದಿ ಯಾಕ್ರಿ?" ಅಂದರು.