ಕ್ಯೂಟಿ ಸ್ಟೈಲ್‌ಶೀಟ್: ಬಣ್ಣಕ್ಕೆ ಸೈ, ಬಾರ್ಡರ್ ಮುಟ್ಟಿದರೆ ಪೂರ್ತಿ ಹೊಣೆ ನಿಮ್ಮದೇ

ಕಂಪ್ಯೂಟರ್ ಪ್ರೋಗ್ರಾಂಗಳ ಕಿಟಕಿ, ಬಟನ್‌ಗಳನ್ನು ಕಟ್ಟುವ ಸಾಧನ ಕ್ಯೂಟಿ (Qt). ಅವುಗಳ ನೋಟವನ್ನು ನಿಯಮ ಬರೆದು ಬದಲಿಸುವ ಅದರ ಸ್ಟೈಲ್‌ಶೀಟ್ 2006ರ 4.2 ಆವೃತ್ತಿಯಲ್ಲಿ ಬಂತು. ಈಗಿನ 6ರ ಸರಣಿಯಲ್ಲೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ನೋಡಲು ವೆಬ್‌ನ ಸಿಎಸ್‌ಎಸ್ ಥರವೇ: ಸೆಲೆಕ್ಟರ್ (ನಿಯಮ ಯಾವುದಕ್ಕೆ ಎಂದು ಹೇಳುವ ಭಾಗ), ಪ್ಯಾಡಿಂಗ್ (ಅಂಚಿನ ಒಳಗಿನ ಖಾಲಿ ಜಾಗ), ಬಾರ್ಡರ್, ಹೋವರ್ (ಮೌಸ್ ಮೇಲೆ ಬಂದಾಗಿನ ಸ್ಥಿತಿ) ಎಲ್ಲ ಉಂಟು. ನಡವಳಿಕೆ ಮಾತ್ರ ಬೇರೆ, ಹೊಸಬರು ಎಡವುವುದೂ ಅಲ್ಲೇ.

ಪುಶ್‌ಬಟನ್‌ಗೆ ಹಿನ್ನೆಲೆ ಬಣ್ಣವೊಂದನ್ನೇ ಕೊಟ್ಟು ನೋಡಿ. ಕೆಲವು ಸಿಸ್ಟಂಗಳಲ್ಲಿ ಆ ಬಣ್ಣ ಕಾಣುವುದೇ ಇಲ್ಲ, ಏಕೆಂದರೆ ಸಿಸ್ಟಂನ ಸ್ವಂತ ಚೌಕಟ್ಟು ಅದರ ಮೇಲೆ ಬಂದು ಕೂರುತ್ತದೆ. ಬಾರ್ಡರ್‌ಗೆ ಏನಾದರೊಂದು ಬೆಲೆ ಕೊಡಿ, 'ನನ್' (none, ಏನೂ ಬೇಡ) ಎಂದರೂ ಸಾಕು, ಬಣ್ಣ ತಟ್ಟನೆ ಕಾಣುತ್ತದೆ. ಆದರೆ ಆ ಕ್ಷಣದಿಂದ ಮೂಲ ಶೈಲಿ ಆ ಬಟನ್ನನ್ನು ಬಿಡಿಸುವುದನ್ನೇ ನಿಲ್ಲಿಸುತ್ತದೆ. ಒತ್ತಿದಾಗ ಒಳಗೆ ಹೋದಂತೆ ತೋರುವುದು, ಮೌಸ್ ಬಂದಾಗ ಹೊಳೆಯುವುದು, ಟ್ಯಾಬ್ ಕೀಲಿಯಿಂದ ಬಂದಾಗ ಕಾಣುವ ಫೋಕಸ್ ಗೆರೆ, ಇವನ್ನೆಲ್ಲ ನೀವೇ ಬರೆಯಬೇಕು. ಅಕ್ಷರದ ಬಣ್ಣ ಕೊಟ್ಟರೆ ಅದು ಡಿಸೇಬಲ್ ಆದ ಬಟನ್‌ಗೂ ಅಂಟಿಕೊಳ್ಳುತ್ತದೆ, ಅದಕ್ಕೂ ಬೇರೆ ನಿಯಮ ಬೇಕು. ಬರೆಯುವ ಕ್ರಮವೂ ಮುಖ್ಯ. ಒತ್ತಿದಾಗ ಮೌಸ್ ಹೇಗೂ ಬಟನ್ ಮೇಲೇ ಇರುತ್ತದೆ, ಎರಡು ನಿಯಮಗಳ ತೂಕವೂ ಒಂದೇ, ಕೊನೆಯದು ಗೆಲ್ಲುತ್ತದೆ. ಆದ್ದರಿಂದ ಹೋವರ್ ಮೊದಲು, ಪ್ರೆಸ್ಡ್ ಆಮೇಲೆ.

ಚೆಕ್‌ಬಾಕ್ಸ್‌ನದೂ ಇದೇ ಕಥೆ. ಇಂಡಿಕೇಟರ್‌ಗೆ, ಅಂದರೆ ಟಿಕ್ ಬೀಳುವ ಚೌಕಕ್ಕೆ, 16 ಪಿಕ್ಸೆಲ್ ಅಗಲ, ಎತ್ತರ, ಚಂದದ ಬಾರ್ಡರ್ ಕೊಟ್ಟರೆ ಟಿಕ್ ಗುರುತು ಮಾಯ. ಚೆಕ್ಡ್ ಸ್ಥಿತಿಗೆ ನಿಮ್ಮದೇ ಚಿತ್ರ ಕೊಡಬೇಕು. ಆ ಚಿತ್ರದ ದಾರಿಯನ್ನು ಬರೀ ಫೈಲ್ ಹೆಸರಾಗಿ ಬರೆದರೆ ಪ್ರೋಗ್ರಾಂ ಯಾವ ಫೋಲ್ಡರಿನಿಂದ ಶುರುವಾಯಿತೋ ಅಲ್ಲಿ ಹುಡುಕುತ್ತದೆ. ನಿಮ್ಮ ಯಂತ್ರದಲ್ಲಿ ಸರಿ, ಬಳಕೆದಾರರ ಬಳಿ ಖಾಲಿ ಚೌಕ. ಚಿತ್ರಗಳನ್ನು ಪ್ರೋಗ್ರಾಂ ಒಳಗೇ ಸೇರಿಹೋಗುವ ಕ್ಯೂಟಿಯ ರಿಸೋರ್ಸ್ ಫೈಲಿಗೆ ಸೇರಿಸಿ, ದಾರಿಯನ್ನು ಕೋಲನ್ ಮತ್ತು ಸ್ಲ್ಯಾಶ್‌ನಿಂದ ಶುರುಮಾಡಿ. ಎಸ್‌ವಿಜಿ ಚಿತ್ರವಾದರೆ ಪ್ಯಾಕೇಜಿನಲ್ಲಿ ಎಸ್‌ವಿಜಿ ಪ್ಲಗಿನ್ ಇದೆಯೇ ಎಂದೂ ನೋಡಿಕೊಳ್ಳಿ. ಅದಿಲ್ಲದಿದ್ದರೂ ಟಿಕ್ ಕಾಣುವುದಿಲ್ಲ.

ಅತಿ ಹೆಚ್ಚು ಕಾಡುವುದು ಸ್ಕ್ರೋಲ್‌ಬಾರ್. ಇದರ ಒಂದು ಭಾಗ ಮುಟ್ಟಿದರೆ ಎಲ್ಲ ಭಾಗಗಳನ್ನೂ ಮುಟ್ಟಲೇಬೇಕು, ಇದು ಅಧಿಕೃತ ದಾಖಲೆಯಲ್ಲೇ ಇರುವ ಮಾತು. ಲಂಬ ಸ್ಕ್ರೋಲ್‌ಬಾರ್‌ಗೆ ಒಪ್ಪುವ ಪಾಕ ಹೀಗಿದೆ: ಅಗಲ 12 ಪಿಕ್ಸೆಲ್, ಮಾರ್ಜಿನ್ 0, ಹ್ಯಾಂಡಲ್‌ಗೆ (ಹಿಡಿದು ಎಳೆಯುವ ತುಂಡು) ಕನಿಷ್ಠ ಎತ್ತರ 24 ಪಿಕ್ಸೆಲ್, ಕೋನದ ತ್ರಿಜ್ಯ 6, ಆಡ್‌ಲೈನ್, ಸಬ್‌ಲೈನ್ (ತುದಿಯ ಬಾಣದ ಬಟನ್‌ಗಳು) ಎರಡರ ಎತ್ತರವೂ 0, ಆಡ್‌ಪೇಜ್, ಸಬ್‌ಪೇಜ್ (ಹ್ಯಾಂಡಲಿನ ಆಚೀಚೆಯ ಖಾಲಿ ಪಟ್ಟಿ) ಎರಡರ ಹಿನ್ನೆಲೆಯೂ 'ನನ್'. ಕೊನೆಯದನ್ನು ಬಿಟ್ಟರೆ ಹ್ಯಾಂಡಲಿನ ಮೇಲೆ ಕೆಳಗೆ ಚುಕ್ಕಿಚುಕ್ಕಿ ಜಾಲರಿ ಕಾಣುತ್ತದೆ. ಕನಿಷ್ಠ ಎತ್ತರ ಬಿಟ್ಟರೆ ಸಾವಿರಾರು ಸಾಲಿನ ಪಟ್ಟಿಯಲ್ಲಿ ಹ್ಯಾಂಡಲ್ ಸಾಸಿವೆ ಕಾಳಿನಷ್ಟಾಗಿ ಹಿಡಿಯಲಿಕ್ಕೇ ಸಿಗುವುದಿಲ್ಲ. ಕಾಂಬೊಬಾಕ್ಸ್‌ಗೂ ಇದೇ ಷರತ್ತು. ಅದರ ತೆರೆದುಕೊಳ್ಳುವ ಪಟ್ಟಿ ಬೇರೆಯದೇ ವಿಜೆಟ್ (ಬಟನ್, ಪಟ್ಟಿಯಂಥ ಪರದೆಯ ಘಟಕ) ಆದ್ದರಿಂದ ಅದಕ್ಕೆ ಪ್ರತ್ಯೇಕ ಸೆಲೆಕ್ಟರ್ ಬೇಕು.

ಇನ್ನೊಂದು ಬಲೆ: ಸೆಲೆಕ್ಟರ್ ಇಲ್ಲದೆ ಒಂದು ವಿಜೆಟ್‌ಗೆ ಬರೀ ಬಾರ್ಡರ್ ನಿಯಮ ಹಾಕುವುದು. ಒಳಗಿನ ಮಕ್ಕಳು ಮರಿಗಳಿಗೆಲ್ಲ, ಟೂಲ್‌ಟಿಪ್‌ಗೂ ಸೇರಿ, ಆ ಗೆರೆ ಬೀಳುತ್ತದೆ. ವಿಜೆಟ್‌ಗೆ ಆಬ್ಜೆಕ್ಟ್ ಹೆಸರು ಕೊಟ್ಟು, ಆ ಹೆಸರಿನ ಮುಂದೆ # ಹಾಕುವ ಹ್ಯಾಷ್ ಸೆಲೆಕ್ಟರ್ ಬಳಸಿ. ಪ್ರಾಪರ್ಟಿ (ವಿಜೆಟ್‌ನ ಗುಣ) ನೋಡಿ ಆರಿಸುವ ಸೆಲೆಕ್ಟರ್ ಬಳಸಿ 'ತಪ್ಪು' ಸ್ಥಿತಿಗೆ ಕೆಂಪು ಬಣ್ಣ ಕೊಡುವವರು ನೆನಪಿಡಿ: ಪ್ರಾಪರ್ಟಿ ಬದಲಾದ ಮಾತ್ರಕ್ಕೆ ಬಣ್ಣ ಬದಲಾಗದು, ಸ್ಟೈಲ್‌ನ ಅನ್‌ಪಾಲಿಶ್, ಪಾಲಿಶ್ ಎಂಬ ಎರಡು ಫಂಕ್ಷನ್‌ಗಳನ್ನೂ ಕೋಡಿನಲ್ಲಿ ಕರೆಯಬೇಕು. ಇನ್ನು ಒಂದು ಬ್ರೇಸ್ ತಪ್ಪಿದರೆ ಶೀಟ್ ಪಾರ್ಸ್ ಆಗಲಿಲ್ಲ ಎಂಬ ಒಂದೇ ಸಾಲಿನ ಎಚ್ಚರಿಕೆ ಕನ್ಸೋಲಿನಲ್ಲಿ ಬರುತ್ತದೆ. ಎಷ್ಟನೇ ಸಾಲು ಎಂಬುದಿಲ್ಲ. ಇಷ್ಟು ವರ್ಷವಾದರೂ ಇದನ್ನು ಸರಿಪಡಿಸದಿರುವುದಕ್ಕೆ ಅಂಕ ಕಳೆಯಲೇಬೇಕು. ಕ್ಯೂಟಿಯ ವಿನ್ಯಾಸ ಸಾಧನವಾದ ಡಿಸೈನರ್‌ನ ಸ್ಟೈಲ್‌ಶೀಟ್ ಸಂಪಾದಕದಲ್ಲಿ ತುಂಡುತುಂಡಾಗಿ ಅಂಟಿಸಿ ಪರೀಕ್ಷಿಸುವುದೇ ಸದ್ಯದ ಉಪಾಯ.

ವೇರಿಯಬಲ್ ಇಲ್ಲ, ನೆರಳಿಲ್ಲ, ಟ್ರಾನ್ಸಿಷನ್ ಇಲ್ಲ. ಬಣ್ಣಗಳನ್ನು ಒಂದೆಡೆ ಇಡಬೇಕಾದರೆ ಶೀಟ್ ಓದುವಾಗ ನೀವೇ ಪದ ಬದಲಿಸುವ ಕೋಡ್ ಬರೆಯಬೇಕು. ನೆರಳಿಗೆ ಸ್ಟೈಲ್‌ಶೀಟ್‌ನ ಹೊರಗೆ, ಕೋಡಿನಲ್ಲಿ ಹಾಕುವ ಗ್ರಾಫಿಕ್ಸ್ ಎಫೆಕ್ಟ್ ಉಂಟು.

ಕನ್ನಡ ಇಂಟರ್‌ಫೇಸ್ ಮಾಡುವವರಿಗೆ ಇದರಲ್ಲಿ ಒಂದು ವಿಶೇಷ ಅಪಾಯವಿದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಟನ್ ಎತ್ತರವನ್ನು 24 ಪಿಕ್ಸೆಲ್‌ಗೆ ಬಿಗಿದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗಬಹುದು. ಎತ್ತರ ನಿಗದಿ ಮಾಡುವುದು ಬಿಟ್ಟು ಮೇಲೆ ಕೆಳಗೆ 5-6 ಪಿಕ್ಸೆಲ್ ಪ್ಯಾಡಿಂಗ್ ಕೊಡಿ. ಪರೀಕ್ಷೆಗೆ 'ಉಳಿಸು' ಸಾಲದು, 'ರಾಷ್ಟ್ರೀಯ', 'ಸ್ತ್ರೀ' ಎಂದು ಹಾಕಿ ನೋಡಿ. ಅಗಲವನ್ನೂ ಹಾಗೆಯೇ ಕನಿಷ್ಠ ಬೆಲೆಯಾಗಿ ಮಾತ್ರ ಕೊಡಿ. 'ರದ್ದುಮಾಡು' ಇಂಗ್ಲಿಷಿನ 'ಕ್ಯಾನ್ಸಲ್'ಗಿಂತ ಹೆಚ್ಚು ಜಾಗ ಕೇಳುತ್ತದೆ.

ಬರೀ ಡಾರ್ಕ್ ಥೀಮ್ ಬೇಕಿದ್ದರೆ ಸ್ಟೈಲ್‌ಶೀಟ್‌ಗೆ ಕೈ ಹಾಕಲೇಬೇಡಿ. ಕ್ಯೂಟಿಯದೇ ಆದ ಫ್ಯೂಷನ್ ಶೈಲಿ ಆರಿಸಿ, ಪ್ಯಾಲೆಟ್‌ನಲ್ಲಿ (ಪ್ರೋಗ್ರಾಂನ ಬಣ್ಣಗಳ ಪಟ್ಟಿ) ಹನ್ನೆರಡು ಬಣ್ಣ ಬದಲಿಸಿದರೆ ಸ್ಕ್ರೋಲ್‌ಬಾರ್, ಟಿಕ್, ಫೋಕಸ್ ಯಾವುದೂ ಕೆಡುವುದಿಲ್ಲ. 6.5ರಿಂದ ಸಿಸ್ಟಂ ಡಾರ್ಕ್‌ನಲ್ಲಿದೆಯೋ ಲೈಟ್‌ನಲ್ಲಿದೆಯೋ ಎಂದು ಕೇಳುವ ಸೌಲಭ್ಯವೂ ಬಂದಿದೆ. ಅದರ ಮೇಲೆ ಎರಡು ಮೂರು ಮುಖ್ಯ ಬಟನ್‌ಗಳಿಗೆ ಮಾತ್ರ ಸ್ಟೈಲ್‌ಶೀಟ್ ಸಾಕು. ಕ್ಯೂಟಿಯಲ್ಲೇ ಇಂಟರ್‌ಫೇಸ್ ಕಟ್ಟುವ ಇನ್ನೊಂದು ವಿಧಾನವಾದ ಕ್ಯೂಟಿ ಕ್ವಿಕ್ ಬಳಸುವವರಿಗೆ ಈ ಯಾವುದೂ ಅನ್ವಯಿಸದು, ಅಲ್ಲಿ ಸ್ಟೈಲ್‌ಶೀಟ್ ಕೆಲಸವನ್ನೇ ಮಾಡುವುದಿಲ್ಲ.