ಪದದ ಮೊದಲ ಅಕ್ಷರ ನುಂಗುವ ಸ್ಪೀಕರ್: ಎರಡು ವರ್ಷ ಬಳಸಿದ ಮೇಲೆ

ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಅರ್ಧ ಗಂಟೆ ಆಡಿಯೋ ಪುಸ್ತಕ ಕೇಳುವುದು ನನ್ನ ರೂಢಿ. ಇಯರ್‌ಫೋನ್ ಹಾಕಿಕೊಂಡು ಮಗ್ಗುಲಾದರೆ ಕಿವಿ ನೋಯುತ್ತದೆ. ಅದಕ್ಕೇ ಈ ಪುಟ್ಟ ಬ್ಲೂಟೂತ್ ಸ್ಪೀಕರ್ ತಗೊಂಡೆ. ಜಾಸ್ತಿ ಖರ್ಚು ಮಾಡುವ ಹಾಗಿರಲಿಲ್ಲ, ಕಡಿಮೆ ಬೆಲೆಯದ್ದನ್ನೇ ಆರಿಸಿದೆ.

ಮೊದಲ ರಾತ್ರಿಯೇ ಬೇಸರವಾಯಿತು. ಓದುವವರು ಒಂದು ಕ್ಷಣ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮುಂದಿನ ಪದದ ಮೊದಲ ಅಕ್ಷರ ಮಾಯ. 'ಅವನು', 'ಇವನು' ಎರಡೂ 'ವನು' ಆಗುತ್ತಿತ್ತು. ಕತೆಯಲ್ಲಿ ಯಾರು ಯಾರಿಗೆ ಏನು ಹೇಳಿದರು ಅನ್ನುವುದೇ ತಪ್ಪಿಹೋಗುತ್ತಿತ್ತು. ಬ್ಲೂಟೂತ್ ತೊಂದರೆ ಇರಬೇಕು ಅಂದುಕೊಂಡು ವೈರ್ ಹಾಕಿ ನೋಡಿದೆ. ಆಗಲೂ ಅದೇ ಕತೆ.

ಕಾರಣ ಬ್ಯಾಟರಿ ಉಳಿತಾಯ. ಒಳಗೆ ಬರುವ ಸಿಗ್ನಲ್ ತೀರಾ ಸಣ್ಣದಾದರೆ ಇಂಥ ಕೆಲವು ಸ್ಪೀಕರ್‌ಗಳು ದನಿ ದೊಡ್ಡದು ಮಾಡುವ ಆಂಪ್ಲಿಫೈಯರನ್ನು ಸುಮ್ಮನಾಗಿಸುತ್ತವೆ. ಮತ್ತೆ ಮಾತು ಬಂದಾಗ ಅದು ಎಚ್ಚರಗೊಳ್ಳಲು ಒಂದು ಚಣ ಬೇಕು. ಅಷ್ಟರಲ್ಲಿ ಅಕ್ಷರ ಹೋಗಿರುತ್ತದೆ. ಹಾಡಿನಲ್ಲಿ ಪೂರ್ತಿ ಮೌನ ಅಪರೂಪ ಅಲ್ವಾ, ಹಾಗಾಗಿ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಒಂದು ವಾರ ಒದ್ದಾಡಿದ ಮೇಲೆ ದಾರಿ ಸಿಕ್ಕಿತು. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಸ್ಪೀಕರಿನ ಗುಂಡಿಯಲ್ಲಿ ಇಳಿಸಿದೆ. ಸಿಗ್ನಲ್ ದೊಡ್ಡದಾಗಿಯೇ ಬರುವುದರಿಂದ ಅದು ಅಷ್ಟು ಬೇಗ ನಿದ್ದೆಗೆ ಜಾರುವುದಿಲ್ಲ. (ಕೆಲವು ಸ್ಪೀಕರ್‌ಗಳಲ್ಲಿ ಎರಡೂ ವಾಲ್ಯೂಮ್ ಒಟ್ಟಿಗೇ ಏರಿಳಿಯುತ್ತವೆ. ಅಲ್ಲಿ ಈ ಉಪಾಯ ನಡೆಯದು.) ಉಳಿದ ತೊಂದರೆಗೆ ಮಳೆ ಪರಿಹಾರವಾಯಿತು. ಐಫೋನಿನ ತಂತ್ರಾಂಶವಾದ ಐಒಎಸ್‌ನಲ್ಲಿ 15ನೇ ಆವೃತ್ತಿಯಿಂದ ಮಳೆಯಂಥ ಹಿನ್ನೆಲೆ ಶಬ್ದ ಹಾಕುವ ಸೌಲಭ್ಯವಿದೆ. ಪುಸ್ತಕದ ಜೊತೆಗೇ ಸಣ್ಣಗೆ ಮಳೆ ಸುರಿಯುತ್ತಿದ್ದರೆ ಪೂರ್ತಿ ಮೌನ ಅನ್ನುವುದೇ ಇರುವುದಿಲ್ಲ. ಈಗ ಆ ಮಳೆ ಇಲ್ಲದೆ ನನಗೆ ಕತೆ ರುಚಿಸುವುದಿಲ್ಲ!

ಅಲ್ಲಿಂದ ನನಗೆ ಇದರ ಮೇಲೆ ಪ್ರೀತಿ ಬಂತು. ಮಾತು ತುಂಬಾ ಸ್ಪಷ್ಟ. ಕೋಣೆಯ ನಡುವೆ ಇಟ್ಟರೆ ದನಿ ತೆಳ್ಳಗೆ ಕೇಳುತ್ತದೆ. ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಟ್ಟು ನೋಡಿ, ದನಿಗೆ ಎದೆ ತುಂಬಿದ ಹಾಗಾಗುತ್ತದೆ. ಮೂಲೆಗೆ ಒತ್ತಿದರೆ ಮಾತ್ರ ಗುಂಯ್ ಅನ್ನುತ್ತದೆ. ವಾಲ್ಯೂಮ್ ತೀರಾ ಏರಿಸಿದಾಗ ಬೇಸ್ ಕರಗಿಹೋಗುತ್ತದೆ. ಸಣ್ಣ ಸ್ಪೀಕರ್ ಹರಿಯದೆ ಉಳಿಯಲು ಹಾಗೆ ಮಾಡಲೇಬೇಕು, ಅದು ತಪ್ಪಲ್ಲ.

ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ಕೆಡದು ಅನ್ನುವ ಐಪಿಎಕ್ಸ್7 ಗುರುತು ಇರುವುದರಿಂದ ಧೂಳು ಹಿಡಿದಾಗ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತೇನೆ. ಚಾರ್ಜಿಂಗ್ ಜಾಗ ಪೂರ್ತಿ ಒಣಗುವವರೆಗೆ ಕೇಬಲ್ ಚುಚ್ಚುವುದಿಲ್ಲ. ಮೊದಲು ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದೆ, ಈಗ ಐದು ದಿನಕ್ಕೊಮ್ಮೆ.

ಹಾಡಿಗಾದರೆ ಧೈರ್ಯವಾಗಿ ತಗೊಳ್ಳಿ. ಮಾತು ಕೇಳುವವರಾದರೆ ಅಂಗಡಿಯಲ್ಲಿ ಹಾಡು ಹಾಕಿಸಬೇಡಿ. ನಿಮ್ಮ ಫೋನಿನಿಂದ ಯಾರಾದರೂ ನಿಧಾನಕ್ಕೆ ಓದುವುದನ್ನು ಸಣ್ಣ ದನಿಯಲ್ಲಿ ಹಾಕಿ. ಅವರು ನಿಲ್ಲಿಸಿ ಮತ್ತೆ ಶುರು ಮಾಡುವಾಗ ಮೊದಲ ಅಕ್ಷರ ಕೇಳಿಸುತ್ತದಾ ನೋಡಿ.