ಕಾರ್ಡ್ ಪ್ರೊಟೆಕ್ಷನ್ ನಂಬಿದ್ದು ಒಂದು ಫೋನಿಗೆ, ದುಡ್ಡು ಕೊಟ್ಟು ಪ್ಲಾನ್ ತಗೊಂಡಿದ್ದು ಇನ್ನೊಂದಕ್ಕೆ: ಮೂರು ವರ್ಷ ಆದ್ಮೇಲೆ

ಫೋನ್ ಹೇಗಿದೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತೆಲ್ಲ ಇಲ್ಲಿ ಬರೀತಿಲ್ಲ, ಅದನ್ನೆಲ್ಲ ನೀವು ಆಗ್ಲೇ ನೋಡಿರ್ತೀರ. ಫೋನ್ ಆರ್ಡರ್ ಮಾಡೋವಾಗ ದುಡ್ಡು ಕಟ್ಟೋಕೆ ಮುಂಚೆ ಒಂದು ಟಿಕ್ ಬಾಕ್ಸ್ ಬರತ್ತಲ್ಲ, ಪ್ರೊಟೆಕ್ಷನ್ ಪ್ಲಾನ್ ಬೇಕಾ ಅಂತ, ನಾನು ಬರೀತಿರೋದು ಅದರ ಬಗ್ಗೆ. ಒಂದು ಫೋನಿಗೆ ಅದನ್ನ ಬೇಡ ಅಂದು ಕ್ರೆಡಿಟ್ ಕಾರ್ಡಿನ ಪರ್ಚೇಸ್ ಪ್ರೊಟೆಕ್ಷನ್ (ಆ ಕಾರ್ಡಲ್ಲಿ ತಗೊಂಡ ಸಾಮಾನಿಗೆ ಕಾರ್ಡ್ ಜೊತೆ ಬರೋ ವಿಮೆ) ನಂಬ್ಕೊಂಡೆ, ಎರಡನೇ ಫೋನಿಗೆ ₹2,499 ಕೊಟ್ಟು ಪ್ಲಾನ್ ತಗೊಂಡೆ. ಎರಡೂ ಫೋನು ಬಿದ್ದು ಒಡೆದವು, ಎರಡನೇದು ಒಂದಿನ ತಾನಾಗೇ ಸತ್ತೂ ಹೋಯ್ತು. ಹಾಗಾಗಿ ಎರಡರ ಅನುಭವನೂ ಪೂರ್ತಿ ಆಗಿದೆ.

ಮೊದ್ಲು ನನ್ನ ದಿನಚರಿ ಹೇಳ್ತೀನಿ, ಯಾಕಂದ್ರೆ ನನ್ನ ಅಭಿಪ್ರಾಯ ಬಂದಿರೋದೇ ಅದರಿಂದ. ನಾನು ತುಮಕೂರಿಂದ ಯಶವಂತಪುರಕ್ಕೆ ದಿನಾ ಟ್ರೈನಲ್ಲಿ ಹೋಗಿ ಬರೋಳು. ಬೆಳಗ್ಗೆ ಸೀಟ್ ಸಿಗೋದು ಅಪರೂಪ, ಒಂದು ಕೈಯಲ್ಲಿ ಕಂಬಿ, ಇನ್ನೊಂದ್ರಲ್ಲಿ ಫೋನು, ಹೆಗಲಿಗೆ ಊಟದ ಡಬ್ಬಿ ಇರೋ ಬ್ಯಾಗು. ಕ್ಯಾತಸಂದ್ರ ದಾಟ್ತಿದ್ದ ಹಾಗೆ ಅಮ್ಮನಿಗೆ ಫೋನ್ ಮಾಡಿ ಮಾತ್ರೆ ತಗೊಂಡ್ಯಾ ಅಂತ ಕೇಳ್ತೀನಿ, ನಿಡವಂದದ ಹತ್ರ ಸಿಗ್ನಲ್ ಹೋದಾಗ ಡೌನ್‌ಲೋಡ್ ಮಾಡಿಟ್ಟಿರೋ ಹಾಡು, ಚಿಕ್ಕಬಾಣಾವರ ಬಂದ್ರೆ ಇಯರ್‌ಫೋನ್ ಸುತ್ತಿ ಒಳಗಿಟ್ಟು ಬಾಗ್ಲ ಕಡೆ ಸರ್ಕೊಳೋದು. ಟ್ರೈನ್ ಪಾಸು ಫೋನಲ್ಲೇ, ಸಂಜೆ ಸ್ಟೇಷನ್ ಹೊರಗೆ ಹೂವು ಸೊಪ್ಪು ತಗೊಳೋದೂ ಫೋನಲ್ಲೇ. ಅಂದ್ರೆ ನನ್ನ ಫೋನು ದಿನಕ್ಕೆ ಎರಡು ಗಂಟೆಗೂ ಜಾಸ್ತಿ ರಶ್ಶಲ್ಲಿ ಕೈಮೇಲೆ ಇರತ್ತೆ. ಟೇಬಲ್ ಮೇಲೆ ಇಟ್ಕೊಂಡು ಕೆಲಸ ಮಾಡೋರ ಫೋನಿಗೂ ಇದಕ್ಕೂ ಹೋಲಿಕೆ ಇಲ್ಲ.

ಮೊದಲನೇ ಫೋನು 2022ರ ದಸರಾ ಆಫರ್‌ನಲ್ಲಿ ತಗೊಂಡಿದ್ದು, ಕಾರ್ಡಿಗೆ ₹2,000 ಡಿಸ್ಕೌಂಟ್ ಇತ್ತು. ಆಗ ನ್ಯೂಜೆರ್ಸಿಯಲ್ಲಿರೋ ನಮ್ಮ ದೊಡ್ಡಮ್ಮನ ಮಗಳು ಅಕ್ಕ ಹೇಳಿದ್ಲು, "ಪ್ಲಾನ್‌ಗೆಲ್ಲ ದುಡ್ಡು ಹಾಕ್ಬೇಡ ಕಣೇ, ಕಾರ್ಡಲ್ಲೇ ಇರತ್ತೆ ನೋಡು" ಅಂತ. ಅವಳು ಸುಮ್ನೆ ಹೇಳಿದ್ದಲ್ಲ, ಅವಳ ಫೋನ್ ಸ್ಕ್ರೀನ್ ಒಡೆದಾಗ ಕಾರ್ಡ್ ಕಡೆಯಿಂದ ನಿಜವಾಗ್ಲೂ ದುಡ್ಡು ಬಂದಿತ್ತು. ನಾನೂ ನನ್ನ ಕಾರ್ಡಿನ ಬ್ರೋಶರ್ ತೆಗೆದು ನೋಡಿದೆ, ಪರ್ಚೇಸ್ ಪ್ರೊಟೆಕ್ಷನ್ ಅಂತ ದಪ್ಪಕ್ಷರದಲ್ಲಿ ಇತ್ತು, 90 ದಿನ ಅಂತ್ಲೂ ಇತ್ತು. ಅಷ್ಟು ನೋಡಿ ಟಿಕ್ ತೆಗೆದುಬಿಟ್ಟೆ.

ಐವತ್ತು ದಿನ ಆಗಿತ್ತು ಅನ್ಸತ್ತೆ, ಯಶವಂತಪುರದಲ್ಲಿ ಓವರ್‌ಬ್ರಿಡ್ಜ್ ಮೆಟ್ಲು ಇಳೀತಾ ಹಿಂದಿನೋರ ಬ್ಯಾಗ್ ತಗುಲಿ ಕೈಯಿಂದ ಜಾರ್ತು. ಒಂದು ಮೆಟ್ಲಲ್ಲ, ನಾಲ್ಕು ಮೆಟ್ಲು ಉರುಳ್ಕೊಂಡು ಹೋಯ್ತು, ಪ್ರತಿ ಮೆಟ್ಲಿಗೂ ಟಕ್ ಟಕ್ ಅಂತ ಕೇಳಿಸ್ತಿತ್ತು. ಎತ್ಕೊಂಡಾಗ ಸ್ಕ್ರೀನ್ ಅರ್ಧ ಕಪ್ಪು. ಮಧ್ಯಾಹ್ನ ಊಟದ ಹೊತ್ತಲ್ಲಿ ಆಫೀಸ್ ಲ್ಯಾಂಡ್‌ಲೈನಿಂದ ಕಾರ್ಡ್ ಕಸ್ಟಮರ್ ಕೇರ್‌ಗೆ ಮಾಡಿದೆ. ಆ ಹುಡುಗಿ ತುಂಬ ತಾಳ್ಮೆಯಿಂದ ಪಾಲಿಸಿ ಓದಿ ಹೇಳಿದ್ಲು: ಬೆಂಕಿ ಬಿದ್ದು ಹೋದ್ರೆ ಇದೆ, ಮನೆಗೆ ಕಳ್ಳರು ನುಗ್ಗಿ ಕದ್ರೆ ಇದೆ, ಅದ್ರಲ್ಲೂ ಬೀಗ ಒಡೆದ ಗುರುತು ಇರ್ಬೇಕು, ಎಫ್‌ಐಆರ್ ಬೇಕು. ಕೈಜಾರಿ ಬಿದ್ದಿದ್ದು ಇಲ್ಲ ಮೇಡಂ. ನಾನು ಇನ್ನೊಂದ್ಸಲ ಕೇಳಿದೆ, ಪರ್ಚೇಸ್ ಪ್ರೊಟೆಕ್ಷನ್ ಅಂದ್ರೆ ಮತ್ತೆ ಏನು ಅಂತ. ಅವಳು ಅದನ್ನೇ ಇನ್ನೊಂದ್ಸಲ ಓದಿದ್ಲು. ಸ್ಕ್ರೀನ್‌ಗೆ ₹9,800 ಕೈಯಿಂದ ಕೊಟ್ಟೆ, ಆ ತಿಂಗಳು ಚೀಟಿ ದುಡ್ಡು ಕಟ್ಟೋಕೆ ತಮ್ಮನ ಹತ್ರ ಕೇಳ್ಬೇಕಾಯ್ತು.

ಅವತ್ತು ರಾತ್ರಿ ಅಕ್ಕನ ಹತ್ರ ಫೋನಲ್ಲಿ ವಿಚಾರಿಸಿದ್ಮೇಲೆ ವ್ಯತ್ಯಾಸ ಗೊತ್ತಾಯ್ತು. ಅವಳದ್ದು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಾರ್ಡು. ಅದರ ಸೆಲ್‌ಫೋನ್ ಪ್ರೊಟೆಕ್ಷನ್ ಬರೋದು ಫೋನ್ ತಗೊಂಡಿದ್ದಕ್ಕಲ್ಲ, ತಿಂಗಳ ಮೊಬೈಲ್ ಬಿಲ್ಲನ್ನ ಆ ಕಾರ್ಡಲ್ಲೇ ಕಟ್ಟೋದಕ್ಕೆ. ಬಿದ್ದು ಒಡೆದ್ರೂ ಕಳುವಾದ್ರೂ 600 ಡಾಲರ್ ತನಕ ಕೊಡ್ತಾರೆ, ಅದ್ರಲ್ಲಿ 25 ಡಾಲರ್ ನಮ್ಮ ಪಾಲು. ಎಲ್ಲೋ ಮರೆತು ಬಂದೆ ಅಂದ್ರೆ ಅಲ್ಲೂ ಇಲ್ಲ. ಅವಳ ಯಜಮಾನ್ರ ಹತ್ರ ಚೇಸ್ ಬ್ಯಾಂಕಿನ ಸಫೈರ್ ಪ್ರಿಫರ್ಡ್ ಕಾರ್ಡ್ ಇದೆ, ಅದ್ರಲ್ಲಿ ಕಂಪನಿ ವಾರಂಟಿ ಮುಗಿದ್ಮೇಲೆ ಇನ್ನೊಂದು ವರ್ಷ ಸೇರತ್ತೆ, ಜೊತೆಗೆ ತಗೊಂಡ 120 ದಿನದೊಳಗೆ ಹಾಳಾದ್ರೆ ಅಥವಾ ಕಳುವಾದ್ರೆ ಒಂದು ಕ್ಲೇಮಿಗೆ 500 ಡಾಲರ್ ತನಕ. ಅವಳು ಹೇಳಿದ್ದು ಅವಳ ಊರಿಗೆ ಸರಿನೇ. ಹೆಸರು ಒಂದೇ ಅಂತ ಒಳಗಿರೋದೂ ಒಂದೇ ಅನ್ಕೊಂಡಿದ್ದು ನನ್ನ ತಪ್ಪು. ಆದ್ರೂ ನನ್ನ ಕಾರ್ಡಿನೋರ ಮೇಲೆ ಸಿಟ್ಟಿದೆ, ಬೆಂಕಿ ಕಳ್ಳತನಕ್ಕೆ ಮಾತ್ರ ಅಂತ ಅದೇ ದಪ್ಪಕ್ಷರದಲ್ಲಿ ಹಾಕೋಕೆ ಏನಾಗಿತ್ತು?

ಮಾರನೇ ವರ್ಷ ಅಮ್ಮನ ಫೋನ್ ಕೆಟ್ಟು ಹೋಯ್ತು, ನನ್ನದನ್ನ ಅಮ್ಮಂಗೆ ಕೊಟ್ಟು 2023ರ ದೀಪಾವಳಿಗೆ ₹29,999ರ ಫೋನ್ ತಗೊಂಡೆ. ಈ ಸಲ ಪ್ಲಾನ್ ಸಮೇತ. ಅದನ್ನೂ ಓದಿನೇ ತಗೊಂಡೆ, ಓದಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಎಕ್ಸ್‌ಟೆಂಡೆಡ್ ವಾರಂಟಿ ಬೇರೆ, ಆಕ್ಸಿಡೆಂಟಲ್ ಡ್ಯಾಮೇಜ್, ಅಂದ್ರೆ ಬಿದ್ದು ಒಡೆದ್ರೆ ಕೊಡೋದು, ಬೇರೆ. ಕಂಪನಿಯ ಒಂದು ವರ್ಷದ ವಾರಂಟಿ ಇರೋದು ತಯಾರಿಕೆ ದೋಷಕ್ಕೆ ಮಾತ್ರ, ಎಕ್ಸ್‌ಟೆಂಡೆಡ್ ವಾರಂಟಿ ಅದನ್ನೇ ಇನ್ನೊಂದು ವರ್ಷ ಎಳೆಯೋದು, ಶುರುವಾಗೋದೂ ಮೊದಲನೇ ವರ್ಷ ಮುಗಿದ ಮಾರನೇ ದಿನದಿಂದ. ಅಂದ್ರೆ ಬರೀ ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡೋರಿಗೆ ಸ್ಕ್ರೀನ್ ಒಡೆದ್ರೆ ಒಂದು ಪೈಸೆ ಬರಲ್ಲ, ಮೊದಲನೇ ವರ್ಷನೂ ಇಲ್ಲ, ಎರಡನೇ ವರ್ಷನೂ ಇಲ್ಲ. ನಮ್ಮ ಆಫೀಸಲ್ಲಿ ಇಬ್ರು ಹೀಗೆ ತಗೊಂಡು ಬೇಜಾರು ಮಾಡ್ಕೊಂಡಿದಾರೆ. ನಂದು ಎರಡೂ ಸೇರಿದ್ದು, ಮೊದಲ ವರ್ಷ ಬಿದ್ರೆ ನೀರು ಬಿದ್ರೆ, ಎರಡನೇ ವರ್ಷ ತಾನಾಗೇ ಕೆಟ್ರೆ.

ಅವತ್ತಿಂದ ಒಂದು ಅಭ್ಯಾಸ ಮಾಡ್ಕೊಂಡೆ. ಅಂಗಡಿ ಬಿಲ್ಲು ಥರ್ಮಲ್ ಪೇಪರ್‌ದು, ಆರು ತಿಂಗಳಿಗೆ ಅಕ್ಷರ ಅಳಿಸಿ ಹೋಗತ್ತೆ, ಅದಕ್ಕೆ ಬಂದ ದಿನವೇ ಜೆರಾಕ್ಸ್ ಮಾಡಿಸ್ತೀನಿ. ಫೋನ್ ಡಬ್ಬಿ ಮೇಲಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಅಮ್ಮನ ಡೈರಿಯಲ್ಲಿ ಬರ್ಕೊತೀನಿ. ಗ್ಯಾಸ್ ಬುಕ್ಕು, ಎಲ್‌ಐಸಿ ಬಾಂಡು, ಮನೆ ಕಂದಾಯದ ರಸೀದಿ ಇರೋ ಹಳೇ ಹಸಿರು ಫೈಲ್ ಇದೆ ನಮ್ಮನೇಲಿ, ಬೀರುವಿನಲ್ಲಿ ಸೀರೆ ಕೆಳಗೆ, ಅದ್ರಲ್ಲೇ ಫೋನಿನದ್ದೂ ಇಡ್ತೀನಿ. ಈ ಫೈಲ್ ವಿಷಯ ಮುಂದೆ ಬರತ್ತೆ, ಅದಕ್ಕೆ ಹೇಳ್ದೆ.

2024ರ ಜೂನ್‌ನಲ್ಲಿ ಮೊದಲನೇ ಕ್ಲೇಮು. ಮಳೇಲಿ ಪ್ಲಾಟ್‌ಫಾರ್ಮ್ ಮೇಲೆ ಛತ್ರಿ ಮಡಚೋವಾಗ ಬಿತ್ತು, ಮೂಲೆ ಜಜ್ಜಿ ಸ್ಕ್ರೀನ್ ಬಿರುಕು. ಆ್ಯಪಲ್ಲಿ ಹಾಕಿದ ಮಾರನೇ ದಿನವೇ ಪಿಕಪ್‌ಗೆ ಹುಡುಗ ಮನೆಗೆ ಬಂದ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ ನೋಡ್ದ, ಫೋನನ್ನ ನಾಲ್ಕೂ ಕಡೆ ತಿರುಗಿಸಿ ಫೋಟೋ ತೆಗೆದ, ಜಾಬ್ ಶೀಟ್‌ಗೆ ಸೈನ್ ಹಾಕಿಸ್ಕೊಂಡ, ಅಮ್ಮ ಕೊಟ್ಟ ಕಾಫಿ ಕುಡ್ದು ಹೋದ. ₹499 ಪ್ರೊಸೆಸಿಂಗ್ ಫೀಸು ಬಿಟ್ರೆ ಬೇರೇನೂ ಇಲ್ಲ. ಇಷ್ಟು ಸಲೀಸಾಗಿ ಆಗತ್ತೆ ಅಂತ ನಾನು ಅನ್ಕೊಂಡೇ ಇರ್ಲಿಲ್ಲ.

ಆದ್ರೆ ಒಂಬತ್ತು ದಿನ ಫೋನಿಲ್ಲ. ಪ್ಲಾನಿನ ಯಾವ ಜಾಹೀರಾತಿನಲ್ಲೂ ಇದನ್ನ ಹೇಳಲ್ಲ, ಬದಲಿ ಫೋನ್ ಕೊಡಲ್ಲ. ಟ್ರೈನ್ ಪಾಸು ಆ ಫೋನಲ್ಲೇ ಸಿಕ್ಕಿಹಾಕ್ಕೊಂಡಿತ್ತು, ದಿನಾ ಕೌಂಟರಲ್ಲಿ ನಿಂತು ಟಿಕೆಟ್ ತಗೊಂಡೆ, ಎರಡು ದಿನ ಟ್ರೈನೇ ಮಿಸ್ ಆಯ್ತು. ಹೂವಿನೋಳ ಹತ್ರ ನೋಟಿಗೆ ಚಿಲ್ಲರೆ ಇಲ್ಲ. ಆಫೀಸ್ ಲಾಗಿನ್‌ಗೆ ಒಟಿಪಿ ಬರೋದು ಹಳೇ ಬಟನ್ ಫೋನಿಗೆ ಸಿಮ್ ಹಾಕಿ. ದುಡ್ಡು ಉಳೀತು, ಆದ್ರೆ ಆ ಒಂಬತ್ತು ದಿನದ ಓಡಾಟ ಮರೆಯೋ ಹಾಗಿಲ್ಲ.

ಈಗ ಮುಖ್ಯ ವಿಷಯ. 2025ರ ಮಾರ್ಚ್‌ನಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಫೋನ್ ಆನ್ ಆಗ್ಲಿಲ್ಲ. ಬಿದ್ದಿಲ್ಲ, ನೀರು ಬಿದ್ದಿಲ್ಲ. ಪ್ಲಾನ್ ಎರಡನೇ ವರ್ಷದಲ್ಲಿದೆ, ಇದಕ್ಕೇ ತಾನೇ ಎಕ್ಸ್‌ಟೆಂಡೆಡ್ ವಾರಂಟಿ ಇರೋದು ಅಂತ ಧೈರ್ಯವಾಗಿದ್ದೆ. ಈ ಸಲ ಸರ್ವಿಸ್ ಸೆಂಟರ್‌ಗೆ ನಾನೇ ತಗೊಂಡೋಗಿ ಕೊಟ್ಟೆ. ಅಲ್ಲಿನ ಹುಡುಗ ಸಿಮ್ ಟ್ರೇ ಹೊರಗೆಳೆದು ಒಳಗೆ ಟಾರ್ಚ್ ಬಿಟ್ಟು ನೋಡ್ದ, ಅಲ್ಲೊಂದು ಸಣ್ಣ ಬಿಳಿ ಸ್ಟಿಕ್ಕರ್ ಇರತ್ತೆ, ನೀರು ತಾಗಿದ್ರೆ ಕೆಂಪಾಗತ್ತೆ. ಬಿಳೀನೇ ಇತ್ತು. ಆಮೇಲೆ ಫ್ರೇಮ್ ಮೇಲೆ ಉಗುರು ಆಡಿಸ್ತಾ ಬಂದ, ಎಡಗಡೆ ಮೇಲಿನ ಮೂಲೇಲಿ ನಿಲ್ಲಿಸ್ದ.

"ಇಲ್ಲಿ ಡೆಂಟ್ ಇದೆ ಮೇಡಂ, ಫಿಸಿಕಲ್ ಡ್ಯಾಮೇಜ್ ಅಂತ ಬರತ್ತೆ, ಕ್ಲೇಮ್ ಆಗಲ್ಲ."

ಮದರ್‌ಬೋರ್ಡ್ ಹೋಗಿದೆ ಅಂತ ಎಸ್ಟಿಮೇಟ್ ₹14,200. ಡೆಂಟಿಗೂ ಮದರ್‌ಬೋರ್ಡಿಗೂ ಏನು ಸಂಬಂಧ ಅಂತ ಕೇಳಿದ್ರೆ, ಪಾಲಿಸಿ ಮೇಡಂ ಅಂತ ಒಂದೇ ಮಾತು. ಪ್ಲಾನಿನೋರಿಗೆ ಫೋನ್ ಮಾಡಿದ್ರೆ ಸರ್ವಿಸ್ ಸೆಂಟರ್ ರಿಪೋರ್ಟ್ ಪ್ರಕಾರ ರಿಜೆಕ್ಟ್ ಆಗಿದೆ ಅಂತ ಮೆಸೇಜು. ಆ ರಾತ್ರಿ ಇವೆಲ್ಲ ಮೋಸ, ದುಡ್ಡು ಹಾಳು ಅಂತ ಬರೆಯೋಕೆ ಕೂತಿದ್ದೆ, ಇದು ನಿಜ.

ಬರೆಯೋಕೆ ಮುಂಚೆ ತಾರೀಖು ನೋಡೋಣ ಅಂತ ಹಸಿರು ಫೈಲ್ ತೆಗೆದೆ. ಜೂನ್ ತಿಂಗಳ ಜಾಬ್ ಶೀಟ್ ಅಲ್ಲೇ ಇತ್ತು. ಪಿಕಪ್ ಹುಡುಗ ತನ್ನ ಕೈಬರಹದಲ್ಲಿ ಬರೆದಿದ್ದ: ಫ್ರೇಮ್ ಮೇಲೆ ಎಡ ಮೂಲೇಲಿ ಡೆಂಟ್. ಅಂದ್ರೆ ಈ ಡೆಂಟ್ ಪ್ಲಾನಿನೋರಿಗೆ ಮೊದಲೇ ಗೊತ್ತು, ಅವರೇ ಆ ಕ್ಲೇಮ್ ಪಾಸ್ ಮಾಡಿ, ಸ್ಕ್ರೀನ್ ಮಾತ್ರ ಹಾಕಿ, ಫ್ರೇಮ್ ಹಾಗೇ ಬಿಟ್ಟು ವಾಪಸ್ ಕೊಟ್ಟಿದ್ದು. ಆಮೇಲೆ ಒಂಬತ್ತು ತಿಂಗಳು ಫೋನು ಚೆನ್ನಾಗೇ ಓಡಿದೆ. ಕೈ ನಡುಗ್ತಿತ್ತು ನಂಗೆ ಆ ಹಾಳೆ ಹಿಡ್ಕೊಂಡು.

ಮಾರನೇ ದಿನ ಮೂರು ಕೆಲಸ ಮಾಡಿದೆ. ಸರ್ವಿಸ್ ಸೆಂಟರಲ್ಲಿ, ಯಾವ ಪಾರ್ಟ್ ಹೋಗಿದೆ, ಡೆಂಟಿಂದಾನೇ ಹೋಗಿದ್ಯಾ ಅಂತ ಬರೆದು ಕೊಡಪ್ಪ ಅಂತ ಕೇಳಿದೆ. ಅವನು ಮದರ್‌ಬೋರ್ಡ್ ಫಾಲ್ಟ್ ಅಂತ ಬರೆದ, ಡೆಂಟಿಂದ ಅಂತ ಬರೀಲಿಲ್ಲ. ಆ ಹಾಳೆ, ಹಳೇ ಜಾಬ್ ಶೀಟು ಎರಡನ್ನೂ ಪ್ಲಾನಿನೋರಿಗೆ ಮೇಲ್ ಹಾಕಿದೆ. ಆಮೇಲೆ 1915ಕ್ಕೆ ಫೋನ್ ಮಾಡಿದೆ, ಅದು ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನು. ಕನ್ನಡದಲ್ಲೇ ಮಾತಾಡಿದ್ರು, ಪೂರ್ತಿ ಕೇಳಿಸ್ಕೊಂಡ್ರು, ದೂರಿನ ಡಾಕೆಟ್ ನಂಬರ್ ಕೊಟ್ರು. ಅದೇನು ಕೋರ್ಟಲ್ಲ, ದೂರನ್ನ ಕಂಪನಿಗೆ ದಾಟಿಸಿ ಉತ್ತರ ಕೇಳ್ತಾರೆ ಅಷ್ಟೇ. ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಕೂ ತಯಾರಾಗಿದ್ದೆ, ₹5 ಲಕ್ಷದ ತನಕದ ಕೇಸಿಗೆ ಅಲ್ಲಿ ಫೀಸಿಲ್ಲ. ಹೋಗೋ ಪ್ರಮೇಯ ಬರ್ಲಿಲ್ಲ. ಹನ್ನೆರಡನೇ ದಿನ ಪ್ಲಾನಿನೋರಿಂದ ಫೋನ್ ಬಂತು, ಕ್ಲೇಮ್ ಅಪ್ರೂವ್ ಆಗಿದೆ ಅಂತ. ಮದರ್‌ಬೋರ್ಡ್ ಬದಲಾಯ್ತು, ನಾನು ಒಂದು ರೂಪಾಯಿ ಕೊಡ್ಲಿಲ್ಲ. ಫೋಟೋಗಳು ಬ್ಯಾಕಪ್ ಇಲ್ದೆ ಹೋದವು, ಅಪ್ಪನ ವರ್ಷಾಬ್ದಿಕದ ಒಂದೆರಡು ವಿಡಿಯೋನೂ ಸೇರಿ. ಅದನ್ನ ಯಾವ ಪ್ಲಾನೂ ತಂದುಕೊಡಲ್ಲ.

ಲೆಕ್ಕ ನೋಡಿದ್ರೆ ಪ್ಲಾನಿಗೆ ಕೊಟ್ಟಿದ್ದು ಎಲ್ಲ ಸೇರಿ ₹2,998, ಮದರ್‌ಬೋರ್ಡ್ ಒಂದೇ ₹14,200 ಆಗ್ತಿತ್ತು, ಸ್ಕ್ರೀನ್ ಬೇರೆ. ನನ್ನಂಗೆ ರಶ್ಶಲ್ಲಿ ಓಡಾಡೋರಿಗೆ, ಫೋನ್ ಬೆಲೆ ಸಂಬಳದ ದೊಡ್ಡ ಭಾಗ ಆಗಿರೋರಿಗೆ ನಾನು ತಗೊಳಿ ಅಂತಾನೇ ಹೇಳೋದು, ಆದ್ರೆ ಬೀಳೋದು ಮತ್ತೆ ಕೆಡೋದು ಎರಡೂ ಇರೋದನ್ನೇ. ಡಿಪ್ರಿಸಿಯೇಶನ್ (ಫೋನ್ ಹಳೇದಾಯ್ತು ಅಂತ ಬೆಲೆ ಇಳಿಸೋದು) ಎಷ್ಟು ಕಳೀತಾರೆ, ಎಷ್ಟು ಸಲ ಕ್ಲೇಮ್ ಮಾಡ್ಬಹುದು ಅಂತಾನೂ ನೋಡಿ. ಕಳುವು ನನ್ನ ಪ್ಲಾನಲ್ಲಿ ಇರ್ಲಿಲ್ಲ. ನಮ್ಮ ಬೋಗಿಯ ಒಬ್ಬ ಹುಡುಗಿ ಫೋನ್ ಹೋದಾಗ ಪೊಲೀಸ್ ಕಂಪ್ಲೇಂಟ್ ಮಾಡಿ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಲ್ಲಿ ಐಎಂಇಐ ಬ್ಲಾಕ್ ಮಾಡಿಸಿದ್ಲು, ಡೈರಿಯಲ್ಲಿ ನಂಬರ್ ಬರ್ಕೊಂಡಿದ್ರೆ ಅದು ಹತ್ತು ನಿಮಿಷದ ಕೆಲಸ. ಕಾರ್ಡನ್ನ ನಾನು ಈಗ್ಲೂ ಬಳಸ್ತೀನಿ, ಡಿಸ್ಕೌಂಟಿಗೆ, ಮತ್ತೆ ಸಾಮಾನು ಬರದೇ ಹೋದ್ರೆ ಬ್ಯಾಂಕಲ್ಲಿ ಡಿಸ್ಪ್ಯೂಟ್ ಹಾಕ್ಬಹುದು ಅಂತ. ಒಡೆದ ಫೋನಿಗೆ ಅಂತ ಮಾತ್ರ ಅದನ್ನ ನಂಬಲ್ಲ.

ಪ್ಲಾನ್ 2025ರ ನವೆಂಬರ್‌ಗೆ ಮುಗೀತು, ಫೋನ್ ಇನ್ನೂ ಚೆನ್ನಾಗಿದೆ, ಮೂಲೆ ಡೆಂಟ್ ಹಾಗೇ ಇದೆ. ಅಮ್ಮಂಗೆ ಕೊಟ್ಟ ಹಳೇದು ನಿಧಾನ ಆಗಿದೆ, ಅವರಿಗೆ ₹12,000 ಒಳಗೆ ಒಂದು ಹೊಸದು ನೋಡ್ತಿದೀನಿ. ಅದಕ್ಕೆ ಪ್ಲಾನ್ ತಗೊಳಲ್ಲ. ಅಮ್ಮ ಫೋನನ್ನ ದೇವರ ಗೂಡಿನ ಪಕ್ಕ ಕರವಸ್ತ್ರ ಹಾಸಿ ಇಡ್ತಾರೆ, ಮನೆ ಬಿಟ್ಟು ಆಚೆ ತಗೊಂಡೇ ಹೋಗಲ್ಲ.